ಹಗುರ ಚಕ್ರಕ್ಕೆ 24 ಸಾವಿರ? (ಸೈಕಲ್ ಪುರಾಣ, ಭಾಗ 4)

ಹೋದ ಸಲ ಹೇಳಿದ್ದೆ ಅಲ್ವಾ, ನಮ್ಮ ಗ್ಯಾಂಗ್ ರೈಡಲ್ಲಿ ಚಾಮುಂಡಿ ಬೆಟ್ಟ ಹತ್ತೋವಾಗ ಎಲ್ಲರಿಗಿಂತ ಆರು ನಿಮಿಷ ಹಿಂದೆ ಬಿದ್ದೆ ಅಂತ. ಮೇಲೆ ತಲುಪಿ ಏದುಸಿರು ಬಿಡ್ತಾ ನಾನು ಹೇಳಿದ ಮೊದಲ ಮಾತು, "ನನ್ನ ವೀಲ್ ತುಂಬಾ ಭಾರ ಮಗಾ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆದ್ರೆ ಆವತ್ತು ನಾನು ಅದನ್ನ ನಿಜವಾಗ್ಲೂ ನಂಬಿದ್ದೆ. ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ 24 ಸಾವಿರಕ್ಕೆ ಹೊಸ ಚಕ್ರ ಆರ್ಡರ್ ಮಾಡೋಕೆ ಕೂತಿದ್ದೆ. ಹಳೇದಕ್ಕಿಂತ ಅರ್ಧ ಕೆ.ಜಿ. ಹಗುರ. ಅಂದ್ರೆ ಉಳಿಸೋ ಒಂದೊಂದು ಗ್ರಾಂಗೆ 48 ರೂಪಾಯಿ. ಬಿಕಾಂ ಬುದ್ಧಿ ಎಚ್ಚರ ಆಗಿದ್ದೇ ಅಲ್ಲಿ.

ಸೈಕಲ್ ಹುಚ್ಚಿರೋರೆಲ್ಲ ಹೇಳೋ ಒಂದು ಮಾತಿದೆ: ಚಕ್ರದ ಒಂದು ಗ್ರಾಂ, ಫ್ರೇಮಿನ ಎರಡು ಗ್ರಾಂಗೆ ಸಮ. ಪೂರ್ತಿ ಸುಳ್ಳಲ್ಲ. ರಿಮ್ಮು, ಟೈರು ಮುಂದಕ್ಕೂ ಹೋಗಬೇಕು, ಜೊತೆಗೆ ತಿರುಗಲೂ ಬೇಕು. ಹಾಗಾಗಿ ವೇಗ ಹೆಚ್ಚಿಸುವಾಗ ಆ ತೂಕಕ್ಕೆ ಹತ್ತಿರಹತ್ತಿರ ಎರಡರಷ್ಟು ಶಕ್ತಿ ಬೇಕು. (ನಡುವಿನ ಹಬ್‌ಗೆ ಈ ಲೆಕ್ಕ ಇಲ್ಲ, ಅದನ್ನ ಯಾರೂ ಹೇಳಲ್ಲ.) ಆದ್ರೆ ಇದು ವೇಗ ಹೆಚ್ಚಿಸುವಾಗ ಮಾತ್ರ. ಒಂದೇ ವೇಗದಲ್ಲಿ ಬೆಟ್ಟ ಹತ್ತುತ್ತಿದ್ರೆ ಒಂದು ಗ್ರಾಂ ಒಂದೇ ಗ್ರಾಂ, ಅದು ಚಕ್ರದಲ್ಲಿರಲಿ, ನನ್ನ ಹೊಟ್ಟೇಲಿರಲಿ.

ಲೆಕ್ಕ ಹಾಕಿದೆ. ನಾನು 62 ಕೆ.ಜಿ., ಸೈಕಲ್ 13, ಒಟ್ಟು 75. ಅರ್ಧ ಕೆ.ಜಿ. ಕಳೆದ್ರೆ ಶೇ. 0.7 ಕೂಡ ಇಲ್ಲ. ಬೆಟ್ಟಕ್ಕೆ ನನಗೆ 30 ನಿಮಿಷ ಬೇಕು, ಅದರಲ್ಲಿ ಉಳಿಯೋದು ಸುಮಾರು 12 ಸೆಕೆಂಡ್. ಸೆಕೆಂಡಿಗೆ ಎರಡು ಸಾವಿರ ರೂಪಾಯಿ ಗುರು! ಅರ್ಧ ಲೀಟರ್ ನೀರಿನ ಬಾಟಲಿ ಕೆಳಗೆ ಬಿಟ್ಟು ಹೋದ್ರೂ ಅಷ್ಟೇ ಉಳಿಯುತ್ತೆ, ಫ್ರೀಯಾಗಿ. ಸರಿ, ಸಿಗ್ನಲ್‌ನಿಂದ ಹೊರಡುವಾಗ? ಎರಡರಷ್ಟು ಅಂತ ಹಿಡಿದ್ರೂ, 10 ಸೆಕೆಂಡಲ್ಲಿ ಮುಟ್ಟೋ ವೇಗವನ್ನ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬೇಗ ಮುಟ್ತೀವಿ. ಗೆರೆ ಮುಂದೆ ಸ್ಪ್ರಿಂಟ್ ಹೊಡೆಯೋ ರೇಸರ್‌ಗೆ ಅದು ದೊಡ್ಡದು, ಒಪ್ತೀನಿ. ಕ್ಯಾಂಟೀನಿಗೆ ಹೋಗೋ ನನಗೆ?

ಸಮತಟ್ಟು ರಸ್ತೇಲಂತೂ ನಿಜವಾದ ಶತ್ರು ಗಾಳಿ. 1984ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಗೆ 51.151 ಕಿ.ಮೀ. ತುಳಿದ. 1972ರ ಎಡ್ಡಿ ಮರ್ಕ್ಸ್ ದಾಖಲೆ 49.431. ಮೋಸರ್ ಹಾಕಿದ್ದು ಕಡ್ಡಿಗಳೇ ಕಾಣದ ತಟ್ಟೆಯಂಥ ಡಿಸ್ಕ್ ಚಕ್ರ, ಮಾಮೂಲಿ ಚಕ್ರಕ್ಕಿಂತ ಭಾರದ್ದು. ಎಲ್ಲಾ ಚಕ್ರದಿಂದಲೇ ಆಯ್ತು ಅಂತ ಅಲ್ಲ, ಆದ್ರೆ ಭಾರ ಅವನನ್ನ ತಡೀಲಿಲ್ಲ ಅನ್ನೋದಂತೂ ನಿಜ.

ಹಾಗಂತ ನಾನು ಏನೂ ಖರ್ಚು ಮಾಡಲಿಲ್ಲ ಅಂತಲ್ಲ. ಉಬ್ಬುಗುಬ್ಬಿನ ಹಳೇ ಟೈರ್ ತೆಗೆದು ನುಣುಪು ಟೈರ್ ಹಾಕಿಸಿದೆ, ಗೇಜ್ ಇರೋ ಒಂದು ಪಂಪ್ ತಗೊಂಡೆ. ಎರಡೂ ಸೇರಿ ನಾಲ್ಕು ಸಾವಿರದೊಳಗೆ. ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಅಂತ ಬರೆದಿರುತ್ತೆ ಕಣ್ರೋ, ನಾನು ಎರಡು ವರ್ಷ ಅದರ ಅರ್ಧದಷ್ಟು ಗಾಳೀಲೇ ಓಡಿಸ್ತಿದ್ದೆ! ಸ್ವೈಪ್ ಮಾಡಿ, ಮೂರನೇ ಫೋಟೋದಲ್ಲಿ ಆ ನಂಬರ್ ಇದೆ.

ಹೋದ ಭಾನುವಾರ ಬೆಟ್ಟ 27 ನಿಮಿಷ. ಈಗಲೂ ನಾನೇ ಕೊನೆ. ಉಳಿದ 20 ಸಾವಿರ ಮುಂದಿನ ಸೆಮಿಸ್ಟರ್ ಫೀಸಿಗೆ ಅಂತ ಅಪ್ಪನ ಕೈಗೆ ಕೊಟ್ಟೆ, "ಚಕ್ರ ಬೇಡ್ವೇನೋ?" ಅಂತ ಎರಡು ಸಲ ಕೇಳಿದ್ರು.