ಒಂದು ತಂಬಿಗೆ ನೀರು

ಕಳೆದ ಬೇಸಿಗೆಯಲ್ಲಿ ಕುಷ್ಟಗಿಯಿಂದ ಯಲಬುರ್ಗೆಯ ಕಡೆಗೆ ಹೊರಟಿದ್ದಾಗ ನಾನು ಕುಳಿತಿದ್ದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಮಧ್ಯಾಹ್ನದ ಸಮಯ. ಕಣ್ಣು ಹಾಯಿಸಿದಷ್ಟು ದೂರವೂ ಎರೆಹೊಲ. ಹೊಲದಂಚಿನಲ್ಲಿ ಒಂದೇ ಒಂದು ಬೇವಿನ ಮರ. ಅದರ ನೆರಳಿನಲ್ಲಿ ಮುದುಕಿಯೊಬ್ಬಳು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಳು. ನನ್ನನ್ನು ಕಂಡೊಡನೆ ತಂಬಿಗೆಯನ್ನು ಚಾಚಿ, "ಬಿಸಲು ಭಾಳ ಐತಿ ಯಪ್ಪಾ, ಒಂದೀಟು ನೀರು ಕುಡೀರಿ" ಎಂದಳು. ಮರುಕ್ಷಣವೇ ಏನೋ ನೆನಪಾದಂತೆ ಕೈಯನ್ನು ಅರ್ಧಕ್ಕೆ ತಡೆದು, "ನಾವು ಕೇರಿಯವರ್ರೀ, ಕುಡೀತೀರೇನು?" ಎಂದು ಕೇಳಿದಳು.

ನನ್ನ ಕೈ ಮುಂದಾಗಲಿಲ್ಲ. ಈ ಸೀಮೆಯ ನೆಲದ ನೀರಿನಲ್ಲಿ ಫ್ಲೋರೈಡು ಹೆಚ್ಚು, ಕುಡಿಯಬಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಒಂದು ಗಂಟೆಯ ಹಿಂದೆ ಕುಷ್ಟಗಿಯಲ್ಲಿ ಎರಡು ಲೋಟ ಚಹಾ ಕುಡಿದಾಗ ಈ ಫ್ಲೋರೈಡಿನ ವಿಚಾರ ನನಗೆ ಹೊಳೆದಿರಲಿಲ್ಲ! ಮುದುಕಿಯು ನಗುತ್ತಲೇ ತಂಬಿಗೆಯನ್ನು ಹಿಂದಕ್ಕೆ ಇಟ್ಟುಕೊಂಡಳು. ನಾನೋ, ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ ಕ್ರೈಸ್ತನು. ಸಮಾರ್ಯದ ಸ್ತ್ರೀಯ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದವನು.

ಆ ಕಥೆಯನ್ನು ವಾಚಕರಲ್ಲಿ ಹಲವರು ಬಲ್ಲರು. ಯೋಹಾನನ ಸುವಾರ್ತೆಯಲ್ಲಿ ಅದು ಬರುತ್ತದೆ. ಅಲ್ಲಿಯೂ ಮಧ್ಯಾಹ್ನದ ಬಿಸಿಲು. ಬಳಲಿದ ಯೇಸು ಬಾವಿಯ ಬಳಿ ಕುಳಿತು, ನೀರಿಗೆ ಬಂದ ಹೆಂಗಸನ್ನು ಕುಡಿಯಲು ನೀರು ಬೇಡುತ್ತಾನೆ. ಅವಳು ಬೆರಗಾಗುತ್ತಾಳೆ, ಏಕೆಂದರೆ ಯೆಹೂದ್ಯರು ಸಮಾರ್ಯರೊಡನೆ ಪಾತ್ರೆಪದಾರ್ಥಗಳ ಬಳಕೆಯನ್ನೇ ಇಟ್ಟುಕೊಂಡಿರಲಿಲ್ಲ. ತಣ್ಣೀರು ಕೊಟ್ಟವನಿಗೆ ಪ್ರತಿಫಲ ತಪ್ಪದೆಂದು ಹೇಳಿದ ಗುರುವೇ ಇಲ್ಲಿ ನೀರನ್ನು ಬೇಡಿ ನಿಂತನು. ಮರಣದ ಹಿಂದಿನ ರಾತ್ರಿ ಶಿಷ್ಯರ ಪಾದಗಳನ್ನು ತೊಳೆದವನೂ ಆತನೇ.

ಕೊಡುವುದನ್ನು ಈ ನಾಡಿಗೆ ಯಾರೂ ಕಲಿಸಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ರಾಶಿ ಬರುತ್ತದೆ. ಲಕ್ಷಾಂತರ ಜನ ದಾಸೋಹದಲ್ಲಿ ಉಣ್ಣುತ್ತಾರೆ. ಬೇಸಿಗೆ ಬಂದರೆ ಊರೂರಿಗೆ ಅರವಟ್ಟಿಗೆ. ಆದರೆ ನೀರು ಎರೆಯುವ ಕೈ ಎಷ್ಟು ಎತ್ತರದಲ್ಲಿರುತ್ತದೆ? ಪಾತ್ರೆ ತಾಗೀತೆಂದು ಮೇಲಿನಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಲ್ಲಿ ದಯೆಯಿತ್ತು, ಸಂದೇಹವಿಲ್ಲ, ದೀನತೆಯಿರಲಿಲ್ಲ.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತರ ಎಳೆಯ ಮಗುವೊಂದು ಗುಡಿಯೊಳಗೆ ಕಾಲಿಟ್ಟಿತೆಂದು ಶುದ್ಧೀಕರಣಕ್ಕಾಗಿ 25,000 ರೂಪಾಯಿಗಳನ್ನು ಆ ಕುಟುಂಬದಿಂದ ಕೇಳಲಾಯಿತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಅವರಿಗೆ ಪ್ರವೇಶವಿಲ್ಲವೆಂಬ ಜಗಳವೇ ಅದರ ಹಿನ್ನೆಲೆ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೊಕದ್ದಮೆಯು ಮೇಲಿನ ನ್ಯಾಯಾಲಯಕ್ಕೂ ಹೋಯಿತು. ಕಾನೂನು ಬಾಗಿಲನ್ನು ತೆರೆಸಬಲ್ಲುದು. ತಂಬಿಗೆಯತ್ತ ಕೈ ಚಾಚುವಂತೆ ಮಾಡುವುದು ಅದರ ಅಳವಲ್ಲ.

ಕ್ರೈಸ್ತರು ಇದನ್ನು ದೂರದಲ್ಲಿ ನಿಂತು ಆಡಿಕೊಳ್ಳುವ ಹಾಗೂ ಇಲ್ಲ. ತಮಿಳುನಾಡಿನ ಕೆಲವೆಡೆ ಕ್ರೈಸ್ತರ ಸ್ಮಶಾನದಲ್ಲಿಯೇ ಜಾತಿಯ ಗೋಡೆ ಎದ್ದದ್ದುಂಟು. ಒಂದೇ ರೊಟ್ಟಿಯನ್ನು ಮುರಿದು ತಿಂದವರು ಮಣ್ಣಿನಲ್ಲಿ ಬೇರೆಯಾದರು! ನಮ್ಮ ಕುಷ್ಟಗಿಯ ನೆರೆಯ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರಿದ್ದಾರೆ. ಅಷ್ಟು ಹಳೆಯ ಬೇರುಳ್ಳ ನಂಬಿಕೆಗೆ ಈ ಮಣ್ಣಿನಲ್ಲಿ ಹೊಸದಾಗಿ ಸಾರಬೇಕಾದುದು ಹೆಚ್ಚೇನೂ ಇರಲಾರದು. ಬಾಳಿ ತೋರಿಸಬೇಕಾದುದು ಮಾತ್ರ ಬಹಳವಿದೆ.

ಆ ಬಾಳುವೆ ದೊಡ್ಡ ತ್ಯಾಗವನ್ನೇನೂ ಕೇಳುವುದಿಲ್ಲ. ಮನೆಯ ಕಸ ಗುಡಿಸುವವಳಿಗೆ ಇಟ್ಟ ಬೇರೆ ಲೋಟವನ್ನು ಉಳಿದ ಲೋಟಗಳೊಡನೆ ಸೇರಿಸಿಡುವುದು. ಗುಳೆ ಹೋಗಿ ಬಂದ ಕೂಲಿಯವನು ಬಾಗಿಲಿಗೆ ಬಂದರೆ ಹೆಸರು ಹಿಡಿದು ಮಾತನಾಡಿಸಿ, ಒಳಗೆ ಕರೆದು ಕೂರಿಸುವುದು. ಹಬ್ಬದ ಸಿಹಿಯನ್ನು ಕೇರಿಗೆ ಕಳುಹಿಸಿದಂತೆಯೇ, ಅಲ್ಲಿಂದ ಬಂದ ಹೋಳಿಗೆಯನ್ನೂ ಅವರೆದುರಿಗೇ ಬಾಯಿಗೆ ಹಾಕಿಕೊಳ್ಳುವುದು. ಕೊಟ್ಟಾಗ ನಾವು ದೊಡ್ಡವರಾಗುತ್ತೇವೆ. ತೆಗೆದುಕೊಂಡಾಗ ಕೊಟ್ಟವರು ದೊಡ್ಡವರಾಗುತ್ತಾರೆ. ಈ ಎರಡನೆಯದು ನಮಗೆ ಏಕೆ ಅಷ್ಟು ಕಷ್ಟ?

ಅಂದು ಬಸ್ಸು ರಿಪೇರಿಯಾಗಿ ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದಾಗ, ಮುದುಕಿಯು ತಂಬಿಗೆಯನ್ನೆತ್ತಿ ತಾನೇ ಕುಡಿಯುತ್ತಿದ್ದಳು. ಯಲಬುರ್ಗೆಯನ್ನು ಮುಟ್ಟುವವರೆಗೆ ನನ್ನ ಗಂಟಲು ಒಣಗಿಯೇ ಇತ್ತು. ಆ ದಾರಿಯಲ್ಲಿ ಇನ್ನೊಮ್ಮೆ ಹೋಗುವ ಯೋಗ ಬಂದರೆ, ಅವಳು ಕೊಡುವವರೆಗೆ ಕಾಯುವುದಿಲ್ಲ. "ಅವ್ವಾ, ಒಂದು ತಂಬಿಗೆ ನೀರು ಕೊಡು" ಎಂದು ನಾನೇ ಕೇಳಬೇಕೆಂದಿದ್ದೇನೆ.