ಮುದ್ದೆ ಕೋಲು ಆರಿಸುವವರು ಯಾರು?

ಮನೆಗೆ ಮುದ್ದೆ ಕೋಲು ತರುವವರು ಹೆಚ್ಚಾಗಿ ಗಂಡಸರು, ಹಿಡಿದು ತಿರುವುವವರು ಹೆಂಗಸರು. ನಮ್ಮ ತಕರಾರು ಇಲ್ಲಿಂದಲೇ ಶುರು. ದುಗ್ಗಮ್ಮನ ಜಾತ್ರೆಯಲ್ಲೋ ವಾರದ ಸಂತೆಯಲ್ಲೋ ದಪ್ಪಗೆ ಮಿರಮಿರ ಮಿಂಚುವ ಕೋಲು ಕಂಡರೆ ಸಾಕು, 'ಗಟ್ಟಿ ಐತೆ, ಬಾಳಿಕೆ ಬರ್ತತೆ' ಅಂತ ಎತ್ತಿಕೊಂಡು ಬರುತ್ತಾರೆ. ಆರೇಳು ಜನರ ಮನೆಯಲ್ಲಿ ದಿನಾ ಆ ಕೋಲಿನಲ್ಲಿ ಹಿಟ್ಟು ತಿರುವುವವರ ಮಣಿಕಟ್ಟಿನ ಗತಿ ಏನು ಅಂತ ಕೇಳುವವರಿಲ್ಲ.

ದಾವಣಗೆರೆ, ಹರಿಹರ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಅಷ್ಟೇ. ಸುತ್ತಲ ಹಳ್ಳಿಗಳ ಒಲೆ ಮೇಲೆ ರಾಗಿ ಮುದ್ದೆಯೂ ಇದೆ, ಜೋಳದ ಮುದ್ದೆಯೂ ಇದೆ. ಅದಕ್ಕೆ ಬೇಕಾದದ್ದು ಒಂದಲ್ಲ, ಎರಡು ಕೋಲು. ತಿರುವುವುದಕ್ಕೆ ಒಂದು, ಪಾತ್ರೆ ಅಲುಗದಂತೆ ಅದುಮಿ ಹಿಡಿಯಲು ಕವೆಗೋಲು. ಕವೆಗೋಲು ಈಗ ಎಷ್ಟೋ ಮನೆಗಳಲ್ಲಿ ಇಲ್ಲ, ಇಕ್ಕಳ ಬಂದಿದೆ. ಇಕ್ಕಳ ಹಿಡಿಯಲು ಒಂದು ಕೈ ಬೇಕು, ಆಗ ತಿರುವುವ ಭಾರವೆಲ್ಲ ಇನ್ನೊಂದರ ಮೇಲೆ. ಅದಕ್ಕೇ ಕೋಲಿನ ಅಳತೆ ಈಗ ಮೊದಲಿಗಿಂತ ಮುಖ್ಯ.

ಜಪಾನಿನವರು ಎರಡು ಕಡ್ಡಿಯಲ್ಲಿ ಉಣ್ಣುತ್ತಾರಲ್ಲ, ಅಲ್ಲಿ ಮನೆಯಲ್ಲಿ ಅವರವರ ಕಡ್ಡಿ ಅವರವರಿಗೇ. ಉದ್ದಕ್ಕೂ ಒಂದು ಲೆಕ್ಕವಿದೆ: ಹೆಬ್ಬೆರಳು, ತೋರುಬೆರಳು ಅಗಲಿಸಿದಾಗ ತುದಿಯಿಂದ ತುದಿಗೆ ಎಷ್ಟೋ ಅದರ ಒಂದೂವರೆ ಪಟ್ಟು. ಒಂದು ತುತ್ತು ಎತ್ತುವ ಕಡ್ಡಿಗೇ ಕೈಯ ಅಳತೆ ನೋಡುತ್ತಾರೆ. ಸೇರುಗಟ್ಟಲೆ ಹಿಟ್ಟು ತಿರುವುವ ಕೋಲಿಗೆ ಬೇಡವೇ?

ನಮ್ಮ ಲೆಕ್ಕ ಇಷ್ಟು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ನಡುಬೆರಳಿಗೆ ತಾಗಬೇಕು. ಪಾತ್ರೆಯಲ್ಲಿ ನಿಲ್ಲಿಸಿದರೆ ಹಿಡಿ ಹಬೆಯಿಂದ ಗೇಣು ಮೇಲಿರಬೇಕು. ಕೊಳ್ಳುವ ಮುಂಚೆ ತಿರುವುವವರೇ ಅಂಗಡಿ ಮುಂದೆ ಗಾಳಿಯಲ್ಲಿ ನಾಲ್ಕು ಸುತ್ತು ತಿರುವಿ ನೋಡಲಿ. ಅಂಗಡಿಯವರು ನಕ್ಕರೆ ನಗಲಿ.

ಇನ್ನು ಮರ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ ಮರ ತಿರುಳಾಗುತ್ತದೆ. ಅಲ್ಲಿ ಎಳೆ ನೇರವೋ ಓರೆಯೋ ಯಾರಿಗೂ ಬೇಕಿಲ್ಲ. ಕೋಲಿಗೆ ಎಳೆಯೇ ಎಲ್ಲ. ಬುಡದಿಂದ ತುದಿಯವರೆಗೆ ಎಳೆ ನೇರ ಓಡಿರಬೇಕು. ಓರೆಯಾಗಿ ಹೊರಗೆ ಹೋಗಿದ್ದರೆ, ನಡುವೆ ಗಂಟಿದ್ದರೆ, ಅಲ್ಲೇ ಸೀಳುತ್ತದೆ. ಹುಣಸೆ, ಕರಿಜಾಲಿ ಗಟ್ಟಿ. ಬೇವೂ ಆದೀತು, ಮೊದಲ ಕೆಲವು ದಿನ ಕಹಿ ಬಿಡಬಹುದು. ಚನ್ನಗಿರಿ ಕಡೆ ಸುಲಭಕ್ಕೆ ಸಿಗುತ್ತದೆಂದು ಅಡಿಕೆ ದಬ್ಬೆಯಲ್ಲಿ ಕೆತ್ತಿದರೆ ಎಳೆ ಎದ್ದು ಸಿಬಿರು ಚುಚ್ಚುತ್ತದೆ. ವಾರ್ನಿಶ್ ಹೊಡೆದದ್ದು ಮಾತ್ರ ಬೇಡವೇ ಬೇಡ. ಆ ಮಿರುಗು ಕುದಿಯುವ ಹಿಟ್ಟಿನಲ್ಲಿ ಏಳುತ್ತದೆ, ಎದ್ದದ್ದು ಹೋಗುವುದು ಹೊಟ್ಟೆಗೆ.

ಒಳ್ಳೆಯ ಕೋಲನ್ನು ಹಾಳು ಮಾಡುವುದು ಸಿಂಕ್. ಮೆತ್ತಿದ ಹಿಟ್ಟು ಬಿಡಲಿ ಅಂತ ರಾತ್ರಿಯಿಡೀ ನೆನೆಹಾಕುತ್ತಾರೆ. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ನಾಲ್ಕು ಸಲ ಹೀಗಾದರೆ ಬಿರುಕು. ಹಿಟ್ಟು ಹಸಿ ಇರುವಾಗಲೇ ಬಿಸಿನೀರು ಸುರಿದು ತೆಂಗಿನ ನಾರಿನಲ್ಲಿ ಉಜ್ಜಿದರೆ ಎರಡು ನಿಮಿಷದ ಕೆಲಸ. ಇದನ್ನು ಉಂಡೆದ್ದವರೂ ಮಾಡಬಹುದು, ತಿರುವಿದವರೇ ಮಾಡಬೇಕೆಂದಿಲ್ಲ! ಆಮೇಲೆ ಗಾಳಿಯಾಡುವ ಕಡೆ ನೆರಳಲ್ಲಿ ನಿಲ್ಲಿಸಿ. ನಮ್ಮ ಬೇಸಿಗೆಯ ಬಿಸಿಲಿಗೆ ಇಟ್ಟರೆ ಒಂದೇ ದಿನಕ್ಕೆ ಸೀಳೀತು.

ತಿಂಗಳಿಗೊಮ್ಮೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಶೇಂಗಾ ಎಣ್ಣೆ ಅಂಟಂಟಾಗಿ ಕಮಟು ವಾಸನೆ ಹಿಡಿಯುತ್ತದೆ. ಗಾಣದ ಅಗಸೆ ಎಣ್ಣೆ ಮರದೊಳಗೇ ಒಣಗಿ ಗಟ್ಟಿಯಾಗುತ್ತದೆ, ಅದು ವಾಸಿ. ಬಣ್ಣದಂಗಡಿಯ ಅಗಸೆ ಎಣ್ಣೆ ತರಬೇಡಿ, ಬೇಗ ಒಣಗಲೆಂದು ಅದಕ್ಕೆ ರಾಸಾಯನಿಕ ಬೆರೆಸಿರುತ್ತಾರೆ. ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬಂದರೆ ಉಪ್ಪುಕಾಗದದಲ್ಲಿ ತಿಕ್ಕಿ ತೊಳೆದು ಚೆನ್ನಾಗಿ ಒಣಗಿಸಿ. ಬಿರುಕಿನೊಳಗೆ ಹಿಟ್ಟು ಸೇರಿ ಹುಳಿ ವಾಸನೆ ಹೊಡೆಯುತ್ತಿದ್ದರೆ, ಅಜ್ಜಿ ಕಾಲದ್ದು ಅಂತ ಉಳಿಸಿಕೊಳ್ಳಬೇಡಿ. ನೀರೊಲೆಗೆ ಹಾಕಿ.