ಕೋಳಿಮರಿಯ ಹಿಂಭಾಗವನ್ನೂ ನೋಡಿ

ಅಮೆರಿಕದಲ್ಲಿ ಮಾರ್ಚ್ ಬಂತೆಂದರೆ ರೈತರ ಸಾಮಾನಿನ ಅಂಗಡಿಗಳಲ್ಲಿ ಕೋಳಿಮರಿಗಳ ಚಿಂವ್‌ಚಿಂವ್ ಶುರು. ಮಕ್ಕಳ ಹಟಕ್ಕೆ ಸೋತು ನೀವೂ ಅರ್ಧ ಡಜನ್ ತಂದಿದ್ದರೆ, ಮೊದಲ ವಾರ ದಿನಕ್ಕೆರಡು ಸಲ ಒಂದೊಂದನ್ನೂ ಎತ್ತಿ ಹಿಂಭಾಗ ನೋಡಿ. ಹಿಕ್ಕೆ ಅಂಟಿ, ಒಣಗಿ, ದ್ವಾರವೇ ಮುಚ್ಚಿದ್ದರೆ ಮರಿ ಉಳಿಯುವುದಿಲ್ಲ. ಇಲ್ಲಿ ಇದಕ್ಕೆ ‘ಪೇಸ್ಟಿ ಬಟ್’ ಎನ್ನುತ್ತಾರೆ. ಹೆಸರು ಕೇಳಿ ಮಕ್ಕಳು ಬಿದ್ದುಬಿದ್ದು ನಗುತ್ತಾರೆ, ನಗಲಿ.

ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ, ಮೆತ್ತಗಾದ ಮೇಲೆ ಒರೆಸಿ. ಒಣಗಿದ್ದನ್ನು ಎಳೆದರೆ ಚರ್ಮವೇ ಕಿತ್ತು ಬರುತ್ತದೆ. ಹೊಟ್ಟೆಯ ಕಡೆ ಹೊಕ್ಕುಳಲ್ಲಿ ಒಣಗಿದ ಎಳೆಯೊಂದು ಕಾಣಬಹುದು. ಅದು ಹಿಕ್ಕೆಯಲ್ಲ, ಮುಟ್ಟಬೇಡಿ. ಮೈ ಒಣಗಿಸಿಯೇ ಮರಿಯನ್ನು ಪೆಟ್ಟಿಗೆಗೆ ಬಿಡಿ.

ತಪ್ಪು ಆಹಾರದ್ದು ಎಂದು ಅನೇಕರು ಅಂದುಕೊಳ್ಳುತ್ತಾರೆ. ಬಹಳ ಸಲ ತಪ್ಪಿರುವುದು ಕಾವು. ಈ ಪದವನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು: ಊರಿನಲ್ಲಿ ತಾಯಿಕೋಳಿ ರೆಕ್ಕೆಯಡಿ ಕೊಡುವುದೂ ಕಾವು, ಇಲ್ಲಿ ದೀಪ ಕೊಡುವುದೂ ಕಾವು. ದೀಪದ ಕೆಳಗೆ ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಿ. ನಾನಂತೂ ಥರ್ಮಾಮೀಟರಿಗಿಂತ ಮರಿಗಳನ್ನೇ ಹೆಚ್ಚು ನಂಬುತ್ತೇನೆ. ದೀಪದಡಿ ಗುಂಪುಗಟ್ಟಿ ಕಿರುಚಿದರೆ ಚಳಿ. ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಪೆಟ್ಟಿಗೆಯ ಒಂದೇ ತುದಿಗೆ ದೀಪ ಕಟ್ಟಿದರೆ ತಮಗೆ ಬೇಕಾದ ಜಾಗ ಅವೇ ಹುಡುಕಿಕೊಳ್ಳುತ್ತವೆ.

ಅಂಚೆಯಲ್ಲಿ ಬಂದ ಮರಿಗಳಲ್ಲಿ ಈ ತೊಂದರೆ ಹೆಚ್ಚು. ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಹುಟ್ಟುವುದರಿಂದ ಎರಡು-ಮೂರು ದಿನ ತಡೆಯುತ್ತವೆ, ಆದರೆ ಬಾಯಾರಿರುತ್ತವೆ. ಮೊದಲು ನೀರು, ಒಂದೊಂದರ ಕೊಕ್ಕನ್ನೂ ಮೆಲ್ಲಗೆ ಅದ್ದಿ ತೋರಿಸಿ. ಆಮೇಲೆ ‘ಚಿಕ್ ಸ್ಟಾರ್ಟರ್’ ಆಹಾರ, ಅಷ್ಟೇ. ಅಕ್ಕಿನುಚ್ಚು, ರಾಗಿ ಹಾಕುವ ಆಸೆ ಸದ್ಯಕ್ಕೆ ಬಿಡಿ. ಕಾಳು ಅರೆಯಲು ಕೋಳಿಗೆ ಹಲ್ಲಿಲ್ಲ, ಹೊಟ್ಟೆಯಲ್ಲಿ ಹರಳು ಬೇಕು.

ಕೆಳಗಿನ ಹಾಸು ಒದ್ದೆಯಾಗಿದ್ದರೆ ಕಾಕ್ಸಿಡಿಯೋಸಿಸ್ ಹರಡುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿ ಮುದುಡಿ ಕೂತರೆ ಪಶುವೈದ್ಯರಿಗೆ ಅಂದೇ ಫೋನ್ ಮಾಡಿ.

ಇನ್ನು ಮಕ್ಕಳ ಹೊಟ್ಟೆ. ಚೆನ್ನಾಗಿ ಕಾಣುವ ಮರಿಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನವರು ಕೋಳಿಮರಿ ಮುಟ್ಟಬಾರದೆಂದೇ ಅಮೆರಿಕದ ಸಿಡಿಸಿ ಹೇಳುತ್ತದೆ. ದೊಡ್ಡವರು ಎತ್ತಲಿ, ಮುತ್ತು ಕೊಡುವುದು ಬೇಡ, ಕೆಳಗಿಟ್ಟ ಕೂಡಲೇ ಸೋಪು ಹಾಕಿ ಕೈ ತೊಳೆಯಲಿ. ಮರಿಯ ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.